ಅವ್ವ ಹುಟ್ಟಿದ ದಿನ: ಇಪ್ಪತ್ತನಾಲ್ಕು ರೂಪಾಯಿಯ ಹುಡುಕಾಟ

ನನ್ನ ಸೇವಾ ಪುಸ್ತಕದಲ್ಲಿ ಜನ್ಮದಿನಾಂಕ 1-6-1958 ಎಂದಿದೆ. ಅದು ಸುಳ್ಳು. ಬರೆದವರು ಕೆಟ್ಟವರೇನಲ್ಲ. ನಮ್ಮೂರ ಪ್ರಾಥಮಿಕ ಶಾಲೆಯ ಹೆಡ್ ಮಾಸ್ತರರು ನನ್ನ ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ತಂದು ಎಡಕಿವಿಯನ್ನು ಮುಟ್ಟಿಸಿದರು. ಬೆರಳು ಮುಟ್ಟಿದೊಡನೆ ಹುಡುಗ ಶಾಲೆಗೆ ಸೇರುವ ವಯಸ್ಸಿನವನೆಂದು ತೀರ್ಮಾನಿಸಿ, ಶಾಲೆ ತೆರೆಯುವ ಜೂನ್ ತಿಂಗಳಿಂದ ಹಿಂದಕ್ಕೆ ಎಣಿಸಿ ದಾಖಲಾತಿ ವಹಿಯಲ್ಲಿ ಒಂದು ತಾರೀಖನ್ನು ಬರೆದುಕೊಂಡರು. ಅಪ್ಪ ಒಂಟಿಕೊಪ್ಪಲ್ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದ ಪ್ರಕಾರ ನಾನು ಹುಟ್ಟಿದ್ದು ವಿಳಂಬಿ ಸಂವತ್ಸರದ ಮಾರ್ಗಶಿರದಲ್ಲಿ, ಅಂದರೆ 1958ರ ಡಿಸೆಂಬರಿನಲ್ಲಿ. ಸರ್ಕಾರಿ ನೌಕರರ ವಯಸ್ಸಿನ ಬಗ್ಗೆ ಕರ್ನಾಟಕದಲ್ಲಿ 1974ರ ಕಾಯಿದೆಯೊಂದಿದೆ. ಸೇವೆಗೆ ಸೇರಿದ ಮೂರು ವರ್ಷದೊಳಗೆ ಕೇಳಿಕೊಳ್ಳದಿದ್ದರೆ ಆಮೇಲೆ ತಿದ್ದುಪಡಿಗೆ ಅವಕಾಶವಿಲ್ಲ. ನಾನು ಕೇಳಿಕೊಳ್ಳಲಿಲ್ಲ. ಒಂದನೇ ತಾರೀಖಿನಂದು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮವಾದ್ದರಿಂದ 2018ರ ಮೇ 31ರ ಸಂಜೆ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಕೆಲವು ತಿಂಗಳ ಸಂಬಳ ಹೋಯಿತು, ಇರಲಿ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಚರಿತ್ರೆ ಪಾಠ ಹೇಳಿದ ನಾನು ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಮೇ, ಜೂನ್ ತಿಂಗಳಲ್ಲೇ ಹುಟ್ಟಿದವರೆಂಬ ದಾಖಲೆಗಳ ಮೇಲೆ ಎಷ್ಟು ಸಲ ಸಹಿ ಹಾಕಿದ್ದೇನೋ!

ಹೀಗೆ ಕಾಗದದ ತಾರೀಖುಗಳನ್ನು ನಂಬದ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ಆದರೆ ಜನನ ದಾಖಲೆಯೊಂದನ್ನು ನಾನಾಗಿಯೇ ಹುಡುಕಿಕೊಂಡು ಹೊರಟದ್ದು 2022ರಲ್ಲಿ. ಅದಕ್ಕೆ ಅವ್ವ ಕಾರಣ.

ಅವ್ವನ ಕಾಗದಗಳನ್ನು ಒಂದು ಕಡೆ ಜೋಡಿಸುತ್ತಿದ್ದೆ. ಮತದಾರರ ಚೀಟಿಯಲ್ಲಿ ಒಂದು ವಯಸ್ಸು, ಪಡಿತರ ಚೀಟಿಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂಬ ಮತ್ತೊಂದು. ನಗುತ್ತಾ, "ಅವ್ವಾ, ನಿನಗೆ ಮೂರು ಹುಟ್ಟಿದ ಹಬ್ಬ ಮಾಡಬೇಕು" ಎಂದೆ. ಅವಳು ನಗಲಿಲ್ಲ. "ನಾನು ಹುಟ್ಟಿದ್ದು ಯಾವತ್ತಾದ್ರೂ ಆಗ್ಲಿ ಬಿಡು ಮಗಾ. ಸರ್ಕಾರದೋರು ಬರ್ಕೊಂಡಿರ್ತಾರೆ ಅಂತೀಯಲ್ಲ, ಅದರಲ್ಲಿ ನಮ್ಮವ್ವನ ಹೆಸರು ಇರ್ತದಾ?" ಎಂದಳು.

ನನಗೆ ಮಾತು ಹೊರಡಲಿಲ್ಲ. ಅವ್ವನ ತಾಯಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡವಳು. ವರ್ಷ ತುಂಬುವುದರೊಳಗೆ ಅಜ್ಜ ಮರುಮದುವೆಯಾದರು. ಅವ್ವನನ್ನು ಸಾಕಿದವಳು ಚಿಕ್ಕವ್ವ, ಒಳ್ಳೆಯ ಹೆಂಗಸು. ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳುವ ವಾಡಿಕೆ ಆ ತಲೆಮಾರಿನ ಗಂಡಸರಲ್ಲಿ ಇರಲಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಒಂದು ಹೊಸ ಸೀರೆಯನ್ನು 'ಮೊದಲನೆಯವಳಿಗೆ' ಎಂದು ಇಡುತ್ತಿದ್ದರಂತೆ. ಮೊದಲನೆಯವಳು, ಅಷ್ಟೇ. ಕೇಳಬೇಕೆನ್ನುವ ವಯಸ್ಸು ಅವ್ವನಿಗೆ ಬರುವಷ್ಟರಲ್ಲಿ ಹೇಳುವವರು ಯಾರೂ ಉಳಿದಿರಲಿಲ್ಲ. ಐದು ಮಕ್ಕಳನ್ನು ಹೆತ್ತು, ಮೊಮ್ಮಕ್ಕಳ ಮದುವೆಯನ್ನೂ ನೋಡಿದ ಅವ್ವನಿಗೆ ತನ್ನ ತಾಯಿಯ ಹೆಸರು ಗೊತ್ತಿಲ್ಲವೆಂಬುದು ನನಗೂ ಗೊತ್ತಿರಲಿಲ್ಲ.

ಜನನ ಮರಣ ನೋಂದಣಿಯ ಕಾನೂನು ನನಗೆ ಅಲ್ಪಸ್ವಲ್ಪ ಗೊತ್ತಿತ್ತು. 1969ರ ಕೇಂದ್ರ ಕಾಯಿದೆಯ 17ನೇ ಕಲಮು ಇಂಥ ಹುಡುಕಾಟಕ್ಕೆ ದಾರಿ ಮಾಡಿಕೊಟ್ಟಿದೆ: ಶುಲ್ಕ ಕೊಟ್ಟರೆ ಯಾರು ಬೇಕಾದರೂ ನೋಂದಣಿ ವಹಿಯಲ್ಲಿ ಒಂದು ನಮೂದನ್ನು ಹುಡುಕಿಸಬಹುದು, ಅದರ ಉದ್ಧೃತ ಭಾಗವನ್ನು, ಅಂದರೆ ನಕಲನ್ನು ಪಡೆಯಬಹುದು. ಕರ್ನಾಟಕದ 1999ರ ನಿಯಮಗಳ ಪ್ರಕಾರ ಶುಲ್ಕವೂ ಕೈಗೆಟುಕುವಂಥದು. ಹುಡುಕಾಟಕ್ಕೆ ಮೊದಲ ವರ್ಷಕ್ಕೆ 2 ರೂಪಾಯಿ, ಮುಂದಿನ ಪ್ರತಿ ವರ್ಷಕ್ಕೆ ತಲಾ 2 ರೂಪಾಯಿ. ನಕಲಿಗೆ 5 ರೂಪಾಯಿ. ಹುಡುಕಿಯೂ ಸಿಗದಿದ್ದರೆ 'ಲಭ್ಯವಿಲ್ಲ' ಎಂಬ ಪ್ರಮಾಣಪತ್ರಕ್ಕೆ 2 ರೂಪಾಯಿ. 2022ರಲ್ಲಿ ನಾನು ಕೊಟ್ಟದ್ದು ಇದೇ ದರ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ಏರಿಸಿ 5 ರೂಪಾಯಿಯ ನಕಲನ್ನು 50 ರೂಪಾಯಿ ಮಾಡಿತು. ಹಾಗಿದ್ದೂ ಅದು ದುಬಾರಿಯಲ್ಲ. ಈ ಕೆಲಸದಲ್ಲಿ ದುಬಾರಿಯಾಗುವುದು ಶುಲ್ಕವಲ್ಲ. ಎಲ್ಲಿ, ಯಾವ ವರ್ಷದಲ್ಲಿ ಹುಡುಕಬೇಕೆಂದು ತಿಳಿಯದೆ ಅಲೆಯುವುದು.

ನಾನೂ ಹಾಗೆಯೇ ಅಲೆದೆ. ಅವ್ವನ ತವರು ಹಾಸನ ಜಿಲ್ಲೆಯ ಒಂದು ಹಳ್ಳಿ. ಆ ತಾಲೂಕು ಕಚೇರಿಗೆ ಹೋದ ಮೊದಲ ದಿನವೇ ಹೊರಗಡೆ ಬೇವಿನ ಮರದ ಕೆಳಗೆ ಕುಳಿತಿದ್ದ ಒಬ್ಬರು ನನ್ನ ಮುಖ ನೋಡಿಯೇ ವಿಷಯ ತಿಳಿದುಕೊಂಡರು. "ನಾಲ್ಕು ಸಾವಿರ ಆಗುತ್ತೆ ಸಾರ್. ಕೋರ್ಟಿನ ಆದೇಶ, ನೋಟರಿ, ಎಲ್ಲಾ ನಮ್ಮದೇ. ಹದಿನೈದು ದಿನದಲ್ಲಿ ಪ್ರಮಾಣಪತ್ರ ನಿಮ್ಮ ಕೈಗೆ" ಎಂದರು. ಬಹಳ ಜನ ಮೋಸಹೋಗುವ ಜಾಗ ಇದೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಆತ ಮಾರುತ್ತಿದ್ದುದು ಹಳೆಯ ದಾಖಲೆಯನ್ನಲ್ಲ, ವಿಳಂಬ ನೋಂದಣಿಯನ್ನು. ಎಂದೋ ಆದ ಜನನವನ್ನು ಈಗ ಹೊಸದಾಗಿ ವಹಿಯಲ್ಲಿ ಸೇರಿಸುವ ಕ್ರಮ ಅದು. ಒಂದು ವರ್ಷ ಮೀರಿದ ಜನನವನ್ನು ನೋಂದಾಯಿಸಲು ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗಿತ್ತು; 2023ರ ತಿದ್ದುಪಡಿಯ ನಂತರ ಜಿಲ್ಲಾ ಮ್ಯಾಜಿಸ್ಟ್ರೇಟರು, ಉಪವಿಭಾಗೀಯ ಮ್ಯಾಜಿಸ್ಟ್ರೇಟರು ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆ ಆದೇಶ ಮಾಡುತ್ತಾರೆ. ಮನೆತನದ ಚರಿತ್ರೆ ಹುಡುಕುವವನಿಗೆ ಇದರಿಂದ ಚಿಕ್ಕಾಸಿನ ಪ್ರಯೋಜನವಿಲ್ಲ. ನಾವು ಹೇಳಿದ್ದನ್ನೇ ಬರೆದು ನಮಗೇ ಕೊಡುವ ಕಾಗದದಲ್ಲಿ ನಮಗೆ ತಿಳಿಯದ್ದು ಏನಿರುತ್ತದೆ? ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆತಾಯಿಯ ವಲಸೆ ಅರ್ಜಿಗೆಂದು ಇದೇ ಗೊಂದಲದಲ್ಲಿ ದುಡ್ಡು ಕಳೆದುಕೊಳ್ಳುವುದರಲ್ಲಿದ್ದ. ಅಲ್ಲಿಯವರು ಹಳಬರಿಗೆ 'ಲಭ್ಯವಿಲ್ಲ' ಪ್ರಮಾಣಪತ್ರವನ್ನೂ ಅದರ ಜೊತೆಗೆ ಬೇರೆ ಪುರಾವೆಗಳನ್ನೂ, ಬಲ್ಲವರ ಪ್ರಮಾಣಪತ್ರಗಳನ್ನೂ ಪರಿಗಣಿಸುತ್ತಾರೆ. ಎರಡು ರೂಪಾಯಿಯ ಕಾಗದದಿಂದ ಅವನ ಕೆಲಸ ಸುಗಮವಾಯಿತು.

ಬೇವಿನ ಮರದ ಮಹಾಶಯನಿಗೆ ನಮಸ್ಕಾರ ಹೇಳಿ ಒಳಗೆ ಹೋಗಿ ಅರ್ಜಿ ಕೊಟ್ಟೆ. 1936, 1937, 1938 ಎಂದು ಮೂರು ವರ್ಷ ಬರೆದೆ. ಈ ಮೂರು ವರ್ಷಗಳೇ ಏಕೆ? ಅವ್ವನ ನೆನಪಿನಲ್ಲಿ ಎರಡು ಕೊಂಡಿಗಳಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಸುದ್ದಿ ಊರಿಗೆ ಬಂದಾಗ ನೀನು ಅಂಗಳದಲ್ಲಿ ಓಡಾಡಿಕೊಂಡಿದ್ದೆ ಎಂದು ಚಿಕ್ಕವ್ವ ಹೇಳುತ್ತಿದ್ದರಂತೆ. ಮಹಾರಾಜರು ಕಾಲವಾದದ್ದು 1940ರ ಆಗಸ್ಟ್ 3ರಂದು. ಓಡಾಡುವ ಮಗುವಿಗೆ ಒಂದೂವರೆಯಿಂದ ನಾಲ್ಕು ವರ್ಷ ಇರಬಹುದು. ಎರಡನೆಯದು, ದೀಪಾವಳಿ ಕಳೆದಿತ್ತು, ತುಳಸಿ ಹಬ್ಬ ಬಂದಿರಲಿಲ್ಲ ಎಂಬ ಮಾತು. ಹಳೆಯ ಪಂಚಾಂಗವಿದ್ದರೆ ಇದು ಹನ್ನೆರಡು ದಿನಗಳೊಳಗಿನ ಲೆಕ್ಕ: 1937ರಲ್ಲಿ ದೀಪಾವಳಿ ನವೆಂಬರ್ ಮೊದಲ ವಾರದಲ್ಲಿ ಬಂದಿತ್ತು, 1938ರಲ್ಲಿ ಅಕ್ಟೋಬರ್ ಕೊನೆಯ ಭಾಗದಲ್ಲಿ. ಹಳ್ಳಿಯ ನೆನಪಿಗೆ ಇಸವಿ ತಿಳಿಯದು, ಹಬ್ಬ ತಿಳಿಯುತ್ತದೆ. ಸಂವತ್ಸರದ ಹೆಸರು ಸಿಕ್ಕರಂತೂ ಅರವತ್ತು ವರ್ಷಕ್ಕೊಮ್ಮೆ ಮಾತ್ರ ಬರುವ ಆ ಹೆಸರು ನೇರವಾಗಿ ಇಸವಿಗೆ ಕರೆದೊಯ್ಯುತ್ತದೆ; ಆದರೆ ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಮಾಘ, ಫಾಲ್ಗುಣಗಳಲ್ಲಿ ಹುಟ್ಟಿದವರಿಗೆ ಒಂದು ಇಸವಿ ಮುಂದೆ ನೋಡಬೇಕು. ಅರ್ಜಿಯಲ್ಲಿ ಒಂದೊಂದು ವರ್ಷ ಕಡಿಮೆಯಾದಂತೆ ಶುಲ್ಕವೂ ಇಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಹುಡುಕುವ ಗುಮಾಸ್ತರ ಸಹನೆಯೂ ಉಳಿಯುತ್ತದೆ.

ಎಂಟು ರೂಪಾಯಿ ಕೊಟ್ಟು ಹದಿನೆಂಟು ದಿನ ಕಾದ ಮೇಲೆ ಉತ್ತರ ಬಂತು: ಸದರಿ ವರ್ಷಗಳಲ್ಲಿ ಸದರಿ ನಮೂದು ಲಭ್ಯವಿಲ್ಲ.

ಆ ರಾತ್ರಿ ನಾನು ಕುಳಿತು ಯೋಚಿಸಿದ್ದು ನನ್ನ ಚರಿತ್ರೆಯ ಪಾಠವನ್ನು. ಈ ವಹಿಗಳು ಏತಕ್ಕಾಗಿ ಹುಟ್ಟಿದವು? ಮಕ್ಕಳ ಹೆಸರನ್ನು ಉಳಿಸಲೆಂದಲ್ಲ. 1857ರ ದಂಗೆಯ ನಂತರ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು ಯುದ್ಧಕ್ಕಿಂತ ಕಾಲರಾ, ಜ್ವರಗಳಿಂದಲೇ ಹೆಚ್ಚು ಸಾಯುತ್ತಿದ್ದಾರೆಂದು ಅಲ್ಲಿಯ ಸರ್ಕಾರ ಒಂದು ರಾಯಲ್ ಆಯೋಗವನ್ನು ನೇಮಿಸಿತು. 1863ರಲ್ಲಿ ಅದರ ವರದಿ ಬಂತು. ಮರುವರ್ಷ ಬಂಗಾಳ, ಮದರಾಸು, ಮುಂಬಯಿಗಳಲ್ಲಿ ನೈರ್ಮಲ್ಯ ಆಯೋಗಗಳು ರಚನೆಯಾದವು. ಸುತ್ತಲಿನ ಊರುಗಳಲ್ಲಿ ಎಷ್ಟು ಜನ ಸಾಯುತ್ತಿದ್ದಾರೆ, ಎಷ್ಟು ಹುಟ್ಟುತ್ತಿದ್ದಾರೆ ಎಂಬ ಲೆಕ್ಕ ಅವರಿಗೆ ಬೇಕಾಗಿತ್ತು. 1873ರಲ್ಲಿ ಬಂಗಾಳದ ಕಾಯಿದೆ, 1886ರಲ್ಲಿ ಇಚ್ಛೆಯಿದ್ದವರು ನೋಂದಾಯಿಸಬಹುದಾದ ಅಖಿಲ ಭಾರತ ಕಾಯಿದೆ, 1899ರಲ್ಲಿ ಮದರಾಸಿನದು, ಹೀಗೆ ಒಂದೊಂದು ಪ್ರಾಂತದಲ್ಲಿ ಒಂದೊಂದು ಬಂತು. ನಮ್ಮ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪಟೇಲ, ಶಾನುಭೋಗರ ಕೈಯಲ್ಲಿ ಈ ಕೆಲಸವಿತ್ತು. ಪಟೇಲನಿಗೆ ಮೇಲಿನವರು ಕೇಳುತ್ತಿದ್ದುದು ಗಂಡೆಷ್ಟು, ಹೆಣ್ಣೆಷ್ಟು, ಪ್ಲೇಗಿನ ಸಾವು ಎಷ್ಟು ಎಂಬ ಸಂಖ್ಯೆಯನ್ನು. ಹೆಸರು ಯಾರಿಗೂ ಬೇಕಿರಲಿಲ್ಲ. ಮಗುವಿಗೆ ನಾಮಕರಣವಾಗುವ ಮೊದಲೇ ನಮೂದು ಮುಗಿದಿರುತ್ತಿತ್ತು. ಆದ್ದರಿಂದ ಹಳೆಯ ವಹಿಯಲ್ಲಿ ಅಜ್ಜ, ಅಜ್ಜಿಯರನ್ನು ಅವರ ಹೆಸರು ಹಿಡಿದು ಹುಡುಕುವುದೆಂದರೆ ಇಲ್ಲದ ಮನೆಯ ಬಾಗಿಲು ತಟ್ಟಿದಂತೆ. ತಂದೆಯ ಹೆಸರು, ಮಗು ಗಂಡೋ ಹೆಣ್ಣೋ, ಊರು, ತಿಂಗಳು, ಇವಿಷ್ಟನ್ನು ಹಿಡಿದು ಹುಡುಕಬೇಕು.

ಮೈಸೂರಿನಿಂದ ಹೊರಗಿನ ಕನ್ನಡನಾಡಿನ ಪರಿಸ್ಥಿತಿ ಇನ್ನೂ ಬೇರೆ. 1956ಕ್ಕೆ ಮೊದಲು ನಾವು ಐದಾರು ಆಡಳಿತಗಳ ಕೈಕೆಳಗಿದ್ದವರು. ದಕ್ಷಿಣ ಕನ್ನಡ ಮದರಾಸಿನದು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಮುಂಬಯಿಯವು. ಕೊಡಗು ತಾನೇ ಬೇರೆ. ಕಲಬುರಗಿ, ಬೀದರ, ರಾಯಚೂರುಗಳು ನಿಜಾಮರ ಹೈದರಾಬಾದಿನವು, ಅಲ್ಲಿ ಕಚೇರಿಯ ಭಾಷೆ ಉರ್ದು. ಕಲಬುರಗಿಯ ಕಡೆಯವರು ಅಜ್ಜನ ಕಾಲದ ಕಾಗದ ಹುಡುಕುವುದಾದರೆ ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಮೊದಲು ಹುಡುಕುವುದು ಮೇಲು. 1969ರ ಕಾಯಿದೆ ಬಹುತೇಕ ರಾಜ್ಯಗಳಲ್ಲಿ 1970ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆಯೇ ದೇಶಕ್ಕೆಲ್ಲ ಒಂದೇ ಪದ್ಧತಿಯಾದದ್ದು. ಅಷ್ಟರಲ್ಲಿ, 1963ರ ಫೆಬ್ರವರಿಯಿಂದ, ನಮ್ಮಲ್ಲಿ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು ರದ್ದಾಗಿದ್ದವು. ಕೆಲವು ಹಳೆಯ ದಫ್ತರಗಳು ತಾಲೂಕು ಕಚೇರಿಗೆ ಬಂದವು. ಕೆಲವು ಶಾನುಭೋಗರ ಅಟ್ಟದಲ್ಲೇ ಗೆದ್ದಲಿಗಾದವು.

ಇಂಗ್ಲೆಂಡಿನಲ್ಲಿ 1837ರ ಜುಲೈ 1ರಿಂದ ನಾಗರಿಕ ನೋಂದಣಿ ಇದೆ. ಅಲ್ಲಿಯ ಕೇಂದ್ರ ಕಚೇರಿಯ ಜನನ ಸೂಚಿಯನ್ನು ಇಂದು ಮನೆಯಲ್ಲೇ ಕುಳಿತು ಪುಕ್ಕಟೆಯಾಗಿ ನೋಡಬಹುದು, ಅದರಲ್ಲಿ ತಾಯಿಯ ತವರಿನ ಮನೆತನದ ಹೆಸರನ್ನೂ ಕೊಟ್ಟಿದ್ದಾರೆ ಎಂದು ತಿಳಿದಾಗ ನನಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಸೂಚಿಯಲ್ಲಿ ಖಚಿತಪಡಿಸಿಕೊಂಡು ಬೇಕಾದ ಒಂದೇ ನಕಲಿಗೆ ಅವರು ದುಡ್ಡು ಕೊಡುತ್ತಾರೆ. ನಮ್ಮ ಹಳ್ಳಿಯ ವಹಿಗಳಿಗೆ ಅಂಥ ಸೂಚಿ ಇಲ್ಲ. ನಮ್ಮ ಸೂಚಿ ಮನೆಯ ಮುದುಕರ ತಲೆಯಲ್ಲಿದೆ.

ಆದರೆ ತಾಯಿಯ ತವರು ಎಂಬ ಆ ಮಾತೇ ನನ್ನ ತಪ್ಪನ್ನು ತೋರಿಸಿಕೊಟ್ಟಿತು. ನೋಂದಣಿ ಆಗುವುದು ಹುಟ್ಟಿದ ಜಾಗದಲ್ಲಿ, ಅಪ್ಪನ ಊರಿನಲ್ಲಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ಎಲ್ಲಿ ಆಗುತ್ತದೆ? ತವರಿನಲ್ಲಿ! ಚರಿತ್ರೆ ಓದಿದ ನಾನು ಅವ್ವನ ತವರಿನಲ್ಲಿ ಹುಡುಕಿದ್ದೆ. ಹುಡುಕಬೇಕಾಗಿದ್ದುದು ಅವ್ವನ ಅವ್ವನ ತವರಿನಲ್ಲಿ. ನಮ್ಮ ನಾಡಿನ ಮನೆತನಗಳ ಹಿರಿಯ ಮಕ್ಕಳ ದಾಖಲೆಗಳೆಲ್ಲ ಹೀಗೆ ತಾಯಂದಿರ ಊರುಗಳಲ್ಲಿ ಹಂಚಿಹೋಗಿವೆ. ಎರಡನೆಯ, ಮೂರನೆಯ ಮಕ್ಕಳಾದರೆ ತಂದೆಯ ಊರಿನಲ್ಲಿ ಸಿಗುವ ಸಂಭವ ಹೆಚ್ಚು. ಊರು ಬಿಟ್ಟು ಆಸ್ಪತ್ರೆಗೆ ಹೋಗಿ ಹೆತ್ತವರದು ಮತ್ತೆ ಬೇರೆ: ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು, ಅಲ್ಲಿ ಹುಟ್ಟಿದ ಮಗು ಯಾವ ಹಳ್ಳಿಯದೇ ಆಗಿರಲಿ, ಅದರ ನಮೂದು ಬೆಂಗಳೂರಿನದು.

ಹಾಗಾದರೆ ಹೆಸರೇ ತಿಳಿಯದ ಅಜ್ಜಿಯ ತವರು ಯಾವುದು? ಹೆಳವರನ್ನು ವಿಚಾರಿಸುವ ಯೋಚನೆ ಬಂತು. ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆಗಳನ್ನು ಒಂದೊಂದಾಗಿ ಹಾಡಿ ಹೇಳಿ, ದವಸ ಪಡೆದು ಹೋಗುವ ಹೆಳವರು ನಮ್ಮ ನಾಡಿನ ನಿಜವಾದ ವಂಶಾವಳಿಕಾರರು. ಅವರ ಬಳಿ ಬರಹದ ಪುಸ್ತಕಗಳೂ ಇರುತ್ತವೆ. ಆದರೆ ಅವ್ವನ ಊರಿಗೆ ಅವರು ಬರುವುದು ನಿಂತು ಬಹಳ ವರ್ಷವಾಗಿತ್ತು. ಕ್ರೈಸ್ತ ಮನೆತನದವರಿಗೆ ಚರ್ಚಿನ ದೀಕ್ಷಾಸ್ನಾನದ ವಹಿ ಇರುತ್ತದೆ, ಕಾಶಿ, ಗಯೆಗಳಿಗೆ ಹೋಗಿಬಂದ ಮನೆತನದವರಿಗೆ ಅಲ್ಲಿಯ ಪಂಡರ ವಹಿಗಳಿರುತ್ತವೆ. ನಮ್ಮವರು ತಿರುಪತಿಯನ್ನು ದಾಟಿ ಹೋದವರಲ್ಲ.

ಅವ್ವನನ್ನೇ ಮತ್ತೆ ಕೇಳಿದೆ. ಒಂದೇ ಸಲ ಕೇಳಿದರೆ ಮುದುಕರು ಏನೂ ಹೇಳುವುದಿಲ್ಲ. ಅವರೆಕಾಯಿ ಬಿಡಿಸುವಾಗ ಜೊತೆಗೆ ಕುಳಿತರೆ ತಾವಾಗಿಯೇ ಹೇಳುತ್ತಾರೆ. ಚಿಕ್ಕಂದಿನಲ್ಲಿ ಒಂದೆರಡು ಸಲ ಅವಳ ಸೋದರಮಾವ ತೆಂಗಿನಕಾಯಿಯ ಚೀಲ ಹೊತ್ತು ಬಂದಿದ್ದನಂತೆ. ಮದಗದ ಕೆರೆ ಕೋಡಿ ಬಿದ್ದದ್ದನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದನಂತೆ. ಜನಪದ ಹಾಡಿನಿಂದ ಕನ್ನಡಿಗರಿಗೆಲ್ಲ ಗೊತ್ತಿರುವ ಆ ಕೆರೆ ಇರುವುದು ಕಡೂರಿನ ಸೀಮೆಯಲ್ಲಿ. ಸೀಮೆ ಸಿಕ್ಕಿತು, ಊರು ಸಿಗಲಿಲ್ಲ. ಅದು ಸಿಕ್ಕಿದ್ದು ನನ್ನ ಮಾವನ ಮನೆಯ, ಅಂದರೆ ಚಿಕ್ಕವ್ವನ ಮಗನ ಮನೆಯ ಅಟ್ಟದ ಮೇಲೆ. ಅಜ್ಜನ ಮೊದಲ ಮದುವೆಗೆ ಬಳುವಳಿಯಾಗಿ ಬಂದ ಹಿತ್ತಾಳೆಯ ಕೊಡವೊಂದು ಅಲ್ಲಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಅದರ ಕಂಠದ ಸುತ್ತ ಚುಕ್ಕಿಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು: ಕೊಟ್ಟ ತಂದೆಯ ಹೆಸರು, ಅವನ ಊರು. ಪಡೆದ ಮಗಳ ಹೆಸರು ಅಲ್ಲಿಯೂ ಇರಲಿಲ್ಲ. ಕಾಗದ ಕೇಳುವ ಮೊದಲು ಪಾತ್ರೆಗಳನ್ನು ತಿಕ್ಕಿ ನೋಡಿ ಎಂದು ನಾನೀಗ ಎಲ್ಲರಿಗೂ ಹೇಳುತ್ತೇನೆ.

ಈ ಸಲ ಆತುರಪಡಲಿಲ್ಲ. ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ, ಇಂಥ ಗ್ರಾಮದ ಜನನ ಮರಣ ವಹಿಗಳು ಯಾವ ಯಾವ ವರ್ಷದವು ತಮ್ಮಲ್ಲಿ ಉಳಿದಿವೆ ಎಂದಷ್ಟೇ ಕೇಳುವ ಯೋಚನೆಯಿತ್ತು. ನಮ್ಮ ರಾಜ್ಯದಲ್ಲಿ ಅಂಥ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನದ ಗಡುವು. ಇಲ್ಲದ ವಹಿಯಲ್ಲಿ ಹುಡುಕಲು ದೂರದೂರಿಗೆ ಓಡುವುದಕ್ಕಿಂತ ಇದು ಅಗ್ಗದ ದಾರಿ. ಆದರೆ ಅದರ ಅಗತ್ಯ ಬೀಳಲಿಲ್ಲ. ಆ ಕಡೆಯ ಶಾಲೆಯಲ್ಲಿ ಕೆಲಸಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಚಾರಿಸಿ, ಮೂವತ್ತರ ದಶಕದ ಕೆಲವು ಕಟ್ಟುಗಳು ಇವೆ ಎಂದು ತಿಳಿಸಿದಳು. ಹಳೆಯ ಕಾಗದದ ಮೇಲೆ ಜಿಲ್ಲೆಯ ಹೆಸರು ಕಡೂರು ಎಂದಿರುತ್ತದೆ, ಚಿಕ್ಕಮಗಳೂರು ಎಂದಲ್ಲ, ಆ ಹೆಸರು ಬಂದದ್ದು 1947ರಲ್ಲಿ ಎಂದು ನಾನು ಅವಳಿಗೆ ಮೊದಲೇ ಹೇಳಿದ್ದೆ.

ದಾಖಲೆ ಕೊಠಡಿಯ ಗುಮಾಸ್ತರು ಇನ್ನೂ ಮೂವತ್ತು ದಾಟದ ಹುಡುಗ. 1938ರಿಂದ ಶುರುಮಾಡಿ ಸಿಗದಿದ್ದರೆ 1937 ನೋಡಿ ಎಂದು ಅರ್ಜಿಯಲ್ಲಿ ಬರೆದಿದ್ದೆ. ದೀಪಾವಳಿಯ ಲೆಕ್ಕ ಕೇಳಿ ಅವರಿಗೆ ಖುಷಿಯಾಯಿತು. ಕೆಂಪು ಬಟ್ಟೆಯ ಗಂಟನ್ನು ಬಿಚ್ಚಿ, ಪುಡಿಯಾಗುತ್ತಿದ್ದ ಹಾಳೆಗಳನ್ನು ಒಂದೊಂದಾಗಿ ಎರಡೂ ಕೈಯಿಂದ ಮಗುಚಿದರು. 1938ರಲ್ಲಿ ಇಲ್ಲ. 1937ರ ನವೆಂಬರ್ ಪುಟದಲ್ಲಿ ಅವರ ಬೆರಳು ನಿಂತಿತು. 9ನೇ ತಾರೀಖು. ಹೆಣ್ಣು. ತಂದೆಯ ಹೆಸರಿನ ಕಡೆ ನನ್ನ ಅಜ್ಜನ ಹೆಸರು, ಅದರ ಪಕ್ಕದಲ್ಲಿ ಹಾಸನ ಜಿಲ್ಲೆಯ ಊರು. ತಿಳಿಸಿದವರು ಎಂಬಲ್ಲಿ ಕೊಡದ ಕಂಠದ ಮೇಲಿನ ಅದೇ ಹೆಸರು. ಮಗುವಿನ ಹೆಸರಿನ ಜಾಗ ಖಾಲಿ. ತಾಯಿಯ ಹೆಸರು ಎಲ್ಲಿಯೂ ಇರಲಿಲ್ಲ.

ನಾನು ಸುಮ್ಮನೆ ಕುಳಿತುಬಿಟ್ಟೆನೆಂದು ಕಾಣುತ್ತದೆ. "ಇನ್ನೇನು ಬೇಕಿತ್ತು ಸಾರ್?" ಎಂದು ಆ ಹುಡುಗನೇ ಕೇಳಿದ. ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಆ ಅಜ್ಜಿ ಬಾಣಂತನದಲ್ಲೇ ಹೋದ್ರು ಅಂದ್ರಲ್ಲ. ಹಾಗಾದ್ರೆ ಮರಣದ ವಹಿ ನೋಡಬೇಕು. ಹುಟ್ಟಿದ ಮಗುಗೆ ಹೆಸರಿರಲ್ಲ, ಸತ್ತವರಿಗೆ ಹೆಸರು ಬರೀಲೇಬೇಕಲ್ವಾ ಸಾರ್" ಎಂದ. ಇಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ಇನ್ನೊಂದು ಅರ್ಜಿ ಬರೆದುಕೊಟ್ಟೆ. ಅದೇ ವರ್ಷದ ಅದೇ ತಿಂಗಳು, 20ನೇ ತಾರೀಖಿನಲ್ಲಿ ಅವಳಿದ್ದಳು. ಹೆಸರು, ಇಂಥವರ ಹೆಂಡತಿ, ವಯಸ್ಸು 17. ಯಾವುದರಿಂದ ಸತ್ತಳೆಂಬುದು ನಕಲಿನಲ್ಲಿ ಬರಲಿಲ್ಲ. ಮರಣದ ಕಾರಣವನ್ನು ನಕಲಿನಲ್ಲಿ ತೋರಿಸಬಾರದೆಂದು 17ನೇ ಕಲಮೇ ಹೇಳುತ್ತದೆ. ನಾನೂ ಕೇಳಲಿಲ್ಲ.

ಲೆಕ್ಕ ಹೇಳುವುದಾದರೆ ಮೊದಲ ಕಚೇರಿಯಲ್ಲಿ 8 ರೂಪಾಯಿ, ಎರಡನೆಯದರಲ್ಲಿ ಜನನಕ್ಕೆ 9, ಮರಣಕ್ಕೆ 7. ಒಟ್ಟು 24. ಬಸ್ಸಿನ ಖರ್ಚು, ದಾರಿಯ ಕಾಫಿ ತಿಂಡಿ ಬೇರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೂ ಜಾಗಕ್ಕೂ ಆಧಾರವಾಗಿದೆ. ಅವರ ಮೊಮ್ಮಕ್ಕಳಿಗೆ ಕೊಡ ತಿಕ್ಕುವ ಕೆಲಸ ಇರಲಾರದು. ಮಗುವಿಗೆ ಹೆಸರಿಟ್ಟೊಡನೆ ಹೋಗಿ ಅದನ್ನು ವಹಿಯಲ್ಲಿ ಸೇರಿಸಿಬಿಡಿ ಎಂದು ಮಾತ್ರ ಹೊಸ ತಂದೆತಾಯಿಗಳಲ್ಲಿ ಕೇಳಿಕೊಳ್ಳುತ್ತೇನೆ. ಮೊದಲ ಹನ್ನೆರಡು ತಿಂಗಳಲ್ಲಿ ಅದಕ್ಕೆ ತಡದ ಶುಲ್ಕವಿಲ್ಲ. ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೆ ಸೇರಿಸಬಹುದೆಂಬುದು ನಿಯಮ. ಹೆಸರಿಲ್ಲದ ಪ್ರಮಾಣಪತ್ರವನ್ನು ಹಿಡಿದುಕೊಂಡು ಎಸ್ಸೆಸ್ಸೆಲ್ಸಿಯ ಹೊತ್ತಿಗೆ ಓಡಾಡುವವರನ್ನು ನಾನು ಬಹಳ ನೋಡಿದ್ದೇನೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತಾಗಿತ್ತು. ಅವ್ವ ಕೈಕಾಲು ತೊಳೆದುಕೊಂಡು ಬಂದು ಕುಳಿತಳು. ಎರಡೂ ಕಾಗದಗಳನ್ನು ಓದಿದೆ. ತಾಯಿಯ ಹೆಸರನ್ನು ಇನ್ನೊಂದು ಸಲ ಓದಿಸಿದಳು, ಆಮೇಲೆ ತಾನೇ ಒಂದು ಸಲ ಮೆಲ್ಲಗೆ ಅಂದುಕೊಂಡಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಂಬತ್ತನಾಲ್ಕು ವರ್ಷ ಕಾದು ಪಡೆದುಕೊಂಡದ್ದು, ಅದು ಅವಳದು.

"ಹದಿನೇಳಾ?" ಎಂದಳು.

"ಹಾಗಂತ ಬರೆದಿದ್ದಾರೆ ಅವ್ವಾ."

"ನಮ್ಮ ಪುಟ್ಟಿಗಿಂತ ಚಿಕ್ಕೋಳು." ಪುಟ್ಟಿ ನನ್ನ ತಮ್ಮನ ಮಗಳು, ಆಗ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಆ ವರ್ಷದ ಪಿತೃಪಕ್ಷಕ್ಕೆ ಇನ್ನೂ ಎರಡು ತಿಂಗಳಿತ್ತು. ಸೀರೆ ತರುವಾಗ ಮುದುಕಿಯರು ಉಡುವಂಥದ್ದು ಬೇಡ, ಬಣ್ಣದ್ದು ತರಬೇಕು ಎಂದು ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು ಜನನದ ನಕಲನ್ನು ಕೈಗೆ ತೆಗೆದುಕೊಂಡು, ಖಾಲಿ ಇದ್ದ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ನನ್ನ ಹೆಸರು ಬರ್ಸಕ್ಕಾಯ್ತದಾ?" ಎಂದು ಕೇಳಿದಳು.

15 ವರ್ಷದ ನಿಯಮವನ್ನು ಹೇಳಿದೆ.

"ಹಂಗಾದ್ರೆ ಬಿಡು" ಎಂದು ಕಾಗದವನ್ನು ಮಡಚಿ, ಎಲೆಯಡಿಕೆಯ ಚೀಲದಲ್ಲಿಟ್ಟುಕೊಂಡಳು.